ಎಲ್ಲರಿಗೂ ಎಲ್ಲ ಬಡಿಸುವ ಹೋಟೆಲ್‌ಗಳಿಗೆ ಯಾಕೆ ಈ ಗತಿ?

ಪ್ರಶ್ನೆ: ನಾವು ಅಮೆರಿಕದ ಒಹಾಯೋದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ಮಕ್ಕಳು ಚಿಕ್ಕವರಿದ್ದಾಗ ಭಾನುವಾರ ಬೆಳಿಗ್ಗೆ ಹೆದ್ದಾರಿ ಪಕ್ಕದ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋಗುವುದು ರೂಢಿಯಾಗಿತ್ತು. ಆಗ ಟೇಬಲ್ ಸಿಗಲು ಕಾಯಬೇಕಿತ್ತು. ಈಗ ಅದು ಮುಚ್ಚಿದೆ. ಸ್ವಲ್ಪ ದೂರದ ಇನ್ನೊಂದು ಚೈನ್ ಹೋಟೆಲಿನಲ್ಲೂ ಅರ್ಧ ಟೇಬಲ್ ಖಾಲಿ. ಈ ಹಳೇ ಹೋಟೆಲ್‌ಗಳಿಗೆಲ್ಲ ಒಟ್ಟಿಗೆ ಏನಾಯಿತು? ಹೊಸ ತಲೆಮಾರಿಗೆ ಇವು ಬೇಡವಾದವೇ? ಇನ್ನೊಂದು ವಿಷಯ. ನನ್ನ ತಮ್ಮನಿಗೆ ಇಂಥದ್ದೇ ಒಂದು ಚೈನಿನ, ನಡೆಯುತ್ತಿರುವ ಹೋಟೆಲ್ ಕಡಿಮೆ ಬೆಲೆಗೆ ಸಿಗುತ್ತಿದೆಯಂತೆ. ತಗೊಳ್ಳಬಹುದಾ?

ಉತ್ತರ: ಎರಡನೇ ಪ್ರಶ್ನೆಗೆ ಸದ್ಯಕ್ಕೆ ಅರ್ಧ ಉತ್ತರ ಕೊಡುತ್ತೇನೆ. ನಿಮ್ಮ ತಮ್ಮನಿಗೆ ಇನ್ನೂ ಸಹಿ ಹಾಕಬೇಡ ಅನ್ನಿ. ಉಳಿದರ್ಧ ಅರ್ಥವಾಗಬೇಕಾದರೆ ಮೊದಲ ಪ್ರಶ್ನೆಯನ್ನು ಮುಗಿಸಲೇಬೇಕು.

ಹೊಸ ತಲೆಮಾರಿನ ತಲೆಗೆ ತಪ್ಪು ಕಟ್ಟುವುದು ಸುಲಭ. ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ನನಗೆ ಮಾತ್ರ ಅದು ಒಪ್ಪಿಗೆಯಾಗುವುದಿಲ್ಲ. ಯಾವುದಾದರೂ ಶನಿವಾರ ಹತ್ತು ಗಂಟೆಗೆ ಫಸ್ಟ್ ವಾಚ್ ಎಂಬ ತಿಂಡಿ ಹೋಟೆಲ್ ಮುಂದೆ ಹೋಗಿ ನಿಂತು ನೋಡಿ. ಕಾಯುತ್ತಾ ನಿಂತವರಲ್ಲಿ ಇಪ್ಪತ್ತೈದು ಮೂವತ್ತರ ಹುಡುಗ ಹುಡುಗಿಯರೇ ಜಾಸ್ತಿ. ಒಳಗೆ ಬಡಿಸುತ್ತಿರುವುದು ಏನು? ಮೊಟ್ಟೆ, ಪ್ಯಾನ್‌ಕೇಕ್, ಆಲೂಗಡ್ಡೆ, ಕಾಫಿ. ನಿಮ್ಮ ಹಳೇ ಹೋಟೆಲ್ ಬಡಿಸುತ್ತಿದ್ದದ್ದೂ ಅದನ್ನೇ ಅಲ್ವಾ? ಅಂದರೆ ತಿಂಡಿಯ ಮೇಲೆ ಯಾರಿಗೂ ಮುನಿಸಿಲ್ಲ.

ಇದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಬೇಕಾದರೆ ಫ್ರೆಂಡ್ಲೀಸ್ ಲೆಕ್ಕ ನೋಡಿ. 1935ರಲ್ಲಿ ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬ್ಲೇಕ್ ಎಂಬ ಅಣ್ಣತಮ್ಮಂದಿರು ಐಸ್‌ಕ್ರೀಂ ಅಂಗಡಿಯಾಗಿ ಶುರು ಮಾಡಿದ್ದು ಅದು. ಆಮೇಲೆ ಊಟ ತಿಂಡಿ ಎಲ್ಲ ಸೇರಿ ದೊಡ್ಡ ಚೈನ್ ಆಯಿತು. 2011ರಲ್ಲಿ ಒಮ್ಮೆ ದಿವಾಳಿ ಅರ್ಜಿ ಹಾಕಿತು, 2020ರಲ್ಲಿ ಮತ್ತೊಮ್ಮೆ. ಈ ಎರಡರ ನಡುವೆ, 2016ರಲ್ಲಿ, ಅದರ ಐಸ್‌ಕ್ರೀಂ ವ್ಯಾಪಾರವನ್ನು ಮಾತ್ರ ಬೇರೆ ಮಾಡಿ ಡೀನ್ ಫುಡ್ಸ್‌ಗೆ ಮಾರಿದರು. ಬೆಲೆ 15.5 ಕೋಟಿ ಡಾಲರ್. ನಾಲ್ಕು ವರ್ಷದ ನಂತರ ಹೋಟೆಲ್‌ಗಳು ಮಾರಾಟಕ್ಕೆ ಬಂದವು. ಸುಮಾರು 130 ಹೋಟೆಲ್. ಎಲ್ಲಾ ಸೇರಿ ಹೋಗಿದ್ದು 20 ಲಕ್ಷ ಡಾಲರಿಗಿಂತ ಸ್ವಲ್ಪ ಕಡಿಮೆಗೆ. ಅಂದರೆ ಒಂದು ಹೋಟೆಲಿಗೆ ಒಂದು ಒಳ್ಳೇ ಕಾರು ಬರುವಷ್ಟೂ ದುಡ್ಡು ಬೀಳಲಿಲ್ಲ. ಐಸ್‌ಕ್ರೀಂ ಅದೇ, ಹೆಸರೂ ಅದೇ.

ನಿಮ್ಮದೇ ರಾಜ್ಯದ ಬಾಬ್ ಇವಾನ್ಸ್ ಕಥೆಯೂ ಹೀಗೇ. 2017ರಲ್ಲಿ ಅದರ 500ಕ್ಕೂ ಹೆಚ್ಚು ಹೋಟೆಲ್‌ಗಳು 56.5 ಕೋಟಿ ಡಾಲರಿಗೆ ಒಂದು ಹೂಡಿಕೆ ಕಂಪನಿಯ ಪಾಲಾದವು. ಸೂಪರ್ ಮಾರ್ಕೆಟ್ ಫ್ರಿಜ್‌ನಲ್ಲಿ ಕೂರುವ ಸಾಸೇಜ್, ಕಲಸಿದ ಆಲೂಗಡ್ಡೆ ಡಬ್ಬಿ ಮಾಡುವ ವಿಭಾಗವನ್ನು ಪೋಸ್ಟ್ ಎಂಬ ಆಹಾರ ಕಂಪನಿ 150 ಕೋಟಿ ಡಾಲರ್ ಕೊಟ್ಟು ತಗೊಂಡಿತು. ಜನ ಅದೇ ಆಲೂಗಡ್ಡೆಯನ್ನು ಮನೆಗೆ ಒಯ್ದು ಬಿಸಿ ಮಾಡಿಕೊಂಡು ಖುಷಿಯಾಗಿ ತಿನ್ನುತ್ತಾರೆ. ಅದನ್ನು ತಟ್ಟೆಯಲ್ಲಿ ತಂದಿಡುವ ಕಟ್ಟಡ, ಸರ್ವರ್, ಹತ್ತು ಪುಟದ ಮೆನು, ರಾತ್ರಿಯೆಲ್ಲ ಉರಿಯುವ ದೀಪ, ಇವುಗಳ ಲೆಕ್ಕ ಮಾತ್ರ ಕೂಡುತ್ತಿಲ್ಲ.

ಆ ಲೆಕ್ಕ ಒಂದು ಕಾಲದಲ್ಲಿ ಯಾಕೆ ಕೂಡುತ್ತಿತ್ತು ಅಂತ ನೋಡೋಣ.

ಈ ಹೋಟೆಲ್‌ಗಳೆಲ್ಲ ಹೆದ್ದಾರಿಯ ಕೂಸುಗಳು. ಎಲ್ಲದಕ್ಕೂ ಹಿರಿಯಣ್ಣ ಹೋವರ್ಡ್ ಜಾನ್ಸನ್ಸ್. 1925ರಲ್ಲಿ ಮಸಾಚುಸೆಟ್ಸ್‌ನ ಕ್ವಿನ್ಸಿಯಲ್ಲಿ ಶುರುವಾದ ಅದು ಕಿತ್ತಳೆ ಬಣ್ಣದ ಸೂರು, 28 ಬಗೆಯ ಐಸ್‌ಕ್ರೀಂ, ಕರಿದ ಚಿಪ್ಪುಮೀನು ಇಟ್ಟುಕೊಂಡು ದೇಶವನ್ನೇ ಆವರಿಸಿತು. 1940ರಲ್ಲಿ ಪೆನ್ಸಿಲ್ವೇನಿಯಾ ಟರ್ನ್‌ಪೈಕ್ ತೆರೆದಾಗ ಆ ರಸ್ತೆಯಲ್ಲಿ ಊಟ ಹಾಕುವ ಹಕ್ಕು ಅದೊಂದಕ್ಕೇ ಸಿಕ್ಕಿತು. ಏರುಗಾಲದಲ್ಲಿ ಸಾವಿರ ಹೋಟೆಲ್ ಇದ್ದವು. ಅಡುಗೆ ಎಷ್ಟು ಗಂಭೀರವಾಗಿ ನಡೆಯುತ್ತಿತ್ತು ಎಂದರೆ, 1960ರಲ್ಲಿ ಜಾಕ್ ಪೆಪ್ಯಾ ಎಂಬ ಫ್ರೆಂಚ್ ಬಾಣಸಿಗ ಕೆನಡಿ ಅವರ ವೈಟ್‌ಹೌಸ್ ಅಡುಗೆಮನೆಯಿಂದ ಬಂದ ಕರೆಯನ್ನು ಬೇಡ ಅಂದು ಇಲ್ಲಿಗೆ ಬಂದು ಸುಮಾರು ಹತ್ತು ವರ್ಷ ಕೆಲಸ ಮಾಡಿದರು.

ಆ ಕಾಲದ ಪ್ರಯಾಣಿಕನ ಜಾಗದಲ್ಲಿ ನಿಂತು ಯೋಚಿಸಿ. ಫೋನಿಲ್ಲ, ರಿವ್ಯೂ ಇಲ್ಲ. ಗೊತ್ತಿಲ್ಲದ ಊರು, ಹಿಂದಿನ ಸೀಟಿನಲ್ಲಿ ಹಸಿದ ಮಕ್ಕಳು. ಮುಂದಿನ ತಿರುವಿನಲ್ಲಿರುವ ಗೂಡಂಗಡಿ ಶುಚಿಯಾಗಿದೆಯೋ ಇಲ್ಲವೋ, ಹೊಟ್ಟೆ ಕೆಡುತ್ತದೋ ಏನೋ. ಆಗ ದೂರದಲ್ಲಿ ಕಿತ್ತಳೆ ಸೂರು ಕಂಡರೆ ಸಾಕಿತ್ತು. ಒಳಗೆ ಏನಿದೆ, ಎಷ್ಟಾಗುತ್ತದೆ, ಶೌಚಾಲಯ ಹೇಗಿದೆ, ಎಲ್ಲ ಮೊದಲೇ ಗೊತ್ತು. ಆ ಭರವಸೆಗೆ ಜನ ದುಡ್ಡು ಕೊಡುತ್ತಿದ್ದರು. ಇವತ್ತು ಆ ಕೆಲಸವನ್ನು ಜೇಬಿನಲ್ಲಿರುವ ಫೋನು ಪುಕ್ಕಟೆ ಮಾಡುತ್ತದೆ. ಗೊತ್ತಿಲ್ಲದ ಊರಿನ ಯಾವುದೋ ಮೂಲೆಯ ಚಿಕ್ಕ ಹೋಟೆಲಿನ ಮೆನು, ಫೋಟೊ, ಜನರ ಬೈಗುಳ ಎಲ್ಲವೂ ಕಾರಿನಲ್ಲಿ ಕೂತೇ ಸಿಗುತ್ತವೆ.

ಎರಡನೇ ಕಾರಣ ಮನೆಯೊಳಗಿನದು. ಅಮೆರಿಕದ ಹೋಟೆಲ್ ವ್ಯಾಪಾರದವರು 'ವೀಟೊ ವೋಟ್' ಅಂತ ಒಂದು ಮಾತು ಆಡುತ್ತಾರೆ. ನಾಲ್ಕು ಜನರ ಮನೆ ಊಟಕ್ಕೆ ಹೊರಟಿತು ಅನ್ನಿ. ಎಲ್ಲರಿಗೂ ತುಂಬಾ ಇಷ್ಟವಾದ ಜಾಗಕ್ಕೆ ಅವರು ಹೋಗುವುದಿಲ್ಲ. ಯಾರೂ 'ಅಲ್ಲಿ ಬೇಡ' ಅನ್ನದ ಜಾಗಕ್ಕೆ ಹೋಗುತ್ತಾರೆ. ಅಜ್ಜನಿಗೆ ಸೂಪ್ ಬೇಕು, ಅಮ್ಮನಿಗೆ ಸಲಾಡ್, ಅಪ್ಪನಿಗೆ ಸ್ಟೇಕ್, ಮಗುವಿಗೆ ರಾತ್ರಿ ಎಂಟಕ್ಕೂ ಪ್ಯಾನ್‌ಕೇಕೇ ಬೇಕು. ಈ ನಾಲ್ಕೂ ಒಂದೇ ಟೇಬಲ್ಲಿಗೆ ಬರುವುದು ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ಮಾತ್ರ. ಹೀಗಾಗಿ ಯಾರ ಮೊದಲ ಆಯ್ಕೆಯೂ ಆಗದೆ ಇವು ದಶಕಗಳ ಕಾಲ ಗೆದ್ದವು. ಮೆನು ಹತ್ತು ಪುಟ ಬೆಳೆದದ್ದು ಇದೇ ಕಾರಣಕ್ಕೆ. ಒಂದೊಂದು ಪುಟವೂ ಒಬ್ಬೊಬ್ಬರ 'ಬೇಡ'ವನ್ನು ತಡೆಯಲು ಸೇರಿಸಿದ್ದು.

ಈಗ ಆ ನಾಲ್ಕು ಜನ ಒಂದೇ ಕಡೆ ತಿನ್ನಬೇಕೆಂಬ ಕಟ್ಟುಪಾಡೇ ಇಲ್ಲ. ಮಗನಿಗೆ ಚಿಪೋಟ್ಲೆ, ಮಗಳಿಗೆ ಇನ್ನೆಲ್ಲಿಂದಲೋ, ಅಪ್ಪ ಅಮ್ಮನಿಗೆ ಮನೆಯಲ್ಲೇ ಏನೋ. ಡೆಲಿವರಿ ಹುಡುಗ ಮೂರು ಚೀಲ ತಂದು ಬಾಗಿಲಲ್ಲಿಟ್ಟು ಹೋಗುತ್ತಾನೆ. 'ಬೇಡ' ಅನ್ನುವವನ ವೋಟಿಗೆ ಬೆಲೆಯೇ ಹೋಯಿತು. ಆ ವೋಟಿನ ಮೇಲೆ ನಿಂತಿದ್ದ ಹತ್ತು ಪುಟದ ಮೆನು ಮಾತ್ರ ಹಾಗೇ ಉಳಿಯಿತು.

ಬೇರೆ ಬೇರೆ ಹೊತ್ತಿನ ಗಿರಾಕಿಗಳನ್ನೂ ಬೇರೆ ಬೇರೆಯವರು ಎಳೆದುಕೊಂಡರು. ಬೆಳಗಿನ ಅವಸರದ ತಿಂಡಿಯನ್ನು ಮೆಕ್‌ಡೊನಾಲ್ಡ್ಸ್ 1970ರ ದಶಕದಲ್ಲೇ ಎಗ್ ಮೆಕ್‌ಮಫಿನ್‌ನಿಂದ ಕಿತ್ತುಕೊಂಡಿತ್ತು. ಮಧ್ಯಾಹ್ನದ ಊಟ, ಕೌಂಟರಿನಲ್ಲೇ ಆರ್ಡರ್ ಕೊಡುವ ಪನೇರಾ, ಚಿಪೋಟ್ಲೆ ಥರದವರ ಕಡೆ ಹೋಯಿತು. ಅಲ್ಲಿ ಟಿಪ್ಸ್ ಕೊಡಲೇಬೇಕೆಂಬ ಮುಜುಗರವಿಲ್ಲ, ಬಿಲ್ಲಿಗೆ ಕಾಯುವುದಿಲ್ಲ. ಸಂಜೆ ಆರಾಮವಾಗಿ ಕೂರುವವರನ್ನು ಬಾರ್ ಇರುವ ಹೋಟೆಲ್‌ಗಳು ಕರೆದುಕೊಂಡವು. ಈ ಬಾರ್ ವಿಷಯ ಸಣ್ಣದಲ್ಲ. ಫ್ಯಾಮಿಲಿ ರೆಸ್ಟೋರೆಂಟ್ ಅಂದರೆ ಸಾಮಾನ್ಯವಾಗಿ ಮದ್ಯ ಇಲ್ಲದ, ಇಡೀ ದಿನ ತಿಂಡಿ ಸಿಗುವ ಜಾಗ. ಒಂದು ಲೋಟ ಮದ್ಯದಲ್ಲಿ ಸಿಗುವ ಲಾಭ ಒಂದು ತಟ್ಟೆ ಮೊಟ್ಟೆಯಲ್ಲಿ ಹುಟ್ಟುವುದಿಲ್ಲ. ಬಿಲ್ ಬೆಳೆಸುವ ದಾರಿಯೇ ಇವರಿಗೆ ಕಡಿಮೆ.

ಇನ್ನು ಖರ್ಚಿನ ಕಡೆ ಬರೋಣ. ಹೋಟೆಲ್ ಲೆಕ್ಕ ನೋಡುವವರು ಮೊದಲು ಕೇಳುವುದು ಎರಡೇ ಅಂಕಿ: ಸಾಮಾನಿಗೆ ಎಷ್ಟು, ಸಂಬಳಕ್ಕೆ ಎಷ್ಟು. ಈ ಎರಡೂ ಸೇರಿ ಮಾರಾಟದ ಶೇ. 60ರ ಆಸುಪಾಸಿನಲ್ಲಿದ್ದರೆ ಉಸಿರಾಡಬಹುದು. ಉಳಿದ 40ರಲ್ಲಿ ಬಾಡಿಗೆ, ಕರೆಂಟು, ಗ್ಯಾಸು, ವಿಮೆ, ಕಾರ್ಡ್ ಶುಲ್ಕ, ಹೆಸರು ಬಳಸುವುದಕ್ಕೆ ಮಾತೃಸಂಸ್ಥೆಗೆ ಕೊಡುವ ರಾಯಲ್ಟಿ, ಜಾಹೀರಾತು ನಿಧಿ ಎಲ್ಲ ಹೋಗಬೇಕು. ಎಲ್ಲ ಸರಿಯಿದ್ದ ವರ್ಷದಲ್ಲೂ ಟೇಬಲ್ ಸೇವೆಯ ಹೋಟೆಲಿಗೆ ಕೊನೆಗೆ ಉಳಿಯುವುದು ನೂರಕ್ಕೆ ಮೂರೋ ಐದೋ. ಇಂಥಾ ತೆಳ್ಳಗಿನ ಲಾಭದಲ್ಲಿ ಡೆಲಿವರಿ ಆ್ಯಪ್ ಬಂದು ನೂರಕ್ಕೆ 15ರಿಂದ 30 ಕೇಳಿದರೆ ಎಲ್ಲಿಂದ ಕೊಡುವುದು? ಸಾಲದ್ದಕ್ಕೆ ಪ್ಯಾನ್‌ಕೇಕ್, ಆಮ್ಲೆಟ್ ಅರ್ಧ ಗಂಟೆ ಡಬ್ಬಿಯಲ್ಲಿ ಕೂತರೆ ತಿನ್ನುವ ಹಾಗಿರುವುದಿಲ್ಲ. ಪಿಜ್ಜಾಕ್ಕೆ ಆ ಕಷ್ಟವಿಲ್ಲ.

ದೊಡ್ಡ ಮೆನು ಅಂದರೆ ಏನು ಅಂತ ಕಿಚನ್ ಒಳಗೆ ನಿಂತವರಿಗೆ ಮಾತ್ರ ಗೊತ್ತು. ಸೀಗಡಿ ಆರ್ಡರ್ ದಿನಕ್ಕೆ ನಾಲ್ಕೇ ಬಂದರೂ ಫ್ರೀಜರ್‌ನಲ್ಲಿ ಸೀಗಡಿ ಇರಲೇಬೇಕು. ಅದಕ್ಕೊಂದು ಬೇರೆ ಎಣ್ಣೆ, ಬೇರೆ ಸಾಸ್, ಬೇರೆ ತಟ್ಟೆ. ಹೊಸ ಅಡುಗೆಯವನಿಗೆ ಅದನ್ನೂ ಕಲಿಸಬೇಕು. ಅವನು ಮೂರು ತಿಂಗಳಿಗೆ ಕೆಲಸ ಬಿಟ್ಟರೆ ಇನ್ನೊಬ್ಬನಿಗೆ ಮೊದಲಿನಿಂದ ಕಲಿಸಬೇಕು. ಗ್ರಿಲ್, ಫ್ರೈಯರ್, ಓವನ್, ಸ್ಟೀಮರ್ ಎಲ್ಲ ಬೆಳಗಿನಿಂದ ಬಿಸಿಯಾಗಿಯೇ ಇರಬೇಕು. ಅಣ್ಣತಮ್ಮಂದಿರು ಪಾಲಾಗಿ ಬೇರೆ ಹೋದ ಮೇಲೂ ಕೂಡುಕುಟುಂಬದ ದೊಡ್ಡ ಒಲೆಯಲ್ಲೇ ಇಬ್ಬರಿಗೆ ಅನ್ನ ಬೇಯಿಸಿದ ಹಾಗೆ ಇದು. ಸೌದೆ ಮಾತ್ರ ಅಷ್ಟೇ ಬೇಕು.

ಹೊತ್ತಿನ ವಿಷಯದಲ್ಲಿ ಡೆನ್ನೀಸ್ ಒಂದು ಮಜವಾದ ಉದಾಹರಣೆ. 1953ರಲ್ಲಿ ಕ್ಯಾಲಿಫೋರ್ನಿಯಾದ ಲೇಕ್‌ವುಡ್‌ನಲ್ಲಿ ಡೋನಟ್ ಅಂಗಡಿಯಾಗಿ ಹುಟ್ಟಿದ ಇದು, ದಿನದ 24 ಗಂಟೆ, ವರ್ಷದ 365 ದಿನ ತೆರೆದಿರುವುದನ್ನೇ ಹೆಮ್ಮೆಯಾಗಿಸಿಕೊಂಡಿತ್ತು. 1988ರಲ್ಲಿ ಮೊದಲ ಬಾರಿಗೆ ಕ್ರಿಸ್‌ಮಸ್‌ಗೆ ಸಿಬ್ಬಂದಿಗೆ ರಜೆ ಕೊಡೋಣ ಅಂತ ಕಂಪನಿ ತೀರ್ಮಾನಿಸಿತು. ಆಗ ಬಯಲಾಯಿತು: ಎಷ್ಟೋ ಹೋಟೆಲ್‌ಗಳ ಬಾಗಿಲಿಗೆ ಬೀಗವೇ ಇಲ್ಲ! ಇದ್ದ ಕಡೆ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ನೆನಪಿಲ್ಲ. ಮುಚ್ಚುವ ಪ್ರಸಂಗವೇ ಬಂದಿರಲಿಲ್ಲವಲ್ಲ.

ರಾತ್ರಿ ಎರಡು ಗಂಟೆಗೆ ಟ್ರಕ್ ಡ್ರೈವರುಗಳು, ಶಿಫ್ಟ್ ಮುಗಿಸಿದ ನರ್ಸುಗಳು, ಬಾರ್ ಮುಚ್ಚಿದ ಮೇಲೆ ಬರುವ ಹುಡುಗರು ತುಂಬಿರುತ್ತಿದ್ದಾಗ ಆ ಹೆಮ್ಮೆಗೆ ಬೆಲೆ ಇತ್ತು. ಈಗ ಅದೇ ಹೊತ್ತಿಗೆ ಒಬ್ಬ ಅಡುಗೆಯವನು, ಒಬ್ಬ ಸರ್ವರ್, ಇಬ್ಬರು ಗಿರಾಕಿ. ಆ ಇಬ್ಬರ ಬಿಲ್ಲಿನಿಂದ ಒಂದು ಗಂಟೆಯ ಸಂಬಳವೂ ಹುಟ್ಟುವುದಿಲ್ಲ. ಅದಕ್ಕೆ ಕೋವಿಡ್ ನಂತರ ಹಲವು ಫ್ರಾಂಚೈಸಿಗಳು, ಅಂದರೆ ಕಂಪನಿಯ ಹೆಸರಿನಲ್ಲಿ ಸ್ವಂತ ದುಡ್ಡು ಹಾಕಿ ಹೋಟೆಲ್ ನಡೆಸುವವರು, ರಾತ್ರಿ ಪಾಳಿಗೆ ಮರಳಲು ಒಪ್ಪಲೇ ಇಲ್ಲ. ಕೆಲಸಕ್ಕೆ ಜನವೂ ಸಿಗಲಿಲ್ಲ. ಹಾಗಂತ ರಾತ್ರಿ ಮುಚ್ಚಿದರೆ ಇನ್ನೊಂದು ಪೆಟ್ಟು. 'ಅದು ಯಾವಾಗಲೂ ತೆಗೆದಿರುತ್ತೆ' ಅನ್ನುವ ಒಂದೇ ಕಾರಣಕ್ಕೆ ಬರುತ್ತಿದ್ದವನು ಬಂದು ಬಾಗಿಲು ನೋಡಿ ವಾಪಸ್ ಹೋದರೆ, ಹಗಲಿಗೂ ಬರುವುದನ್ನು ಬಿಡುತ್ತಾನೆ.

2024ರ ಅಕ್ಟೋಬರ್‌ನಲ್ಲಿ ಡೆನ್ನೀಸ್ 150 ಹೋಟೆಲ್ ಮುಚ್ಚುವುದಾಗಿ ಹೇಳಿತು. ಕಟ್ಟಡ ಹಳತಾಗಿದೆ, ಲೀಸ್ ಮುಗಿಯುತ್ತಿದೆ, ರಿಪೇರಿಗೆ ದುಡ್ಡು ಸುರಿದರೂ ಬರಕತ್ತಿಲ್ಲ ಎಂಬ ಥರದ ಕಾರಣ. 2025ರ ನವೆಂಬರ್‌ನಲ್ಲಿ ಕಂಪನಿಯನ್ನೇ ಸಾಲವೂ ಸೇರಿ ಸುಮಾರು 62 ಕೋಟಿ ಡಾಲರಿಗೆ ಕೊಂಡು ಷೇರು ಮಾರುಕಟ್ಟೆಯಿಂದ ಹೊರಗೆ ಒಯ್ಯುವ ಒಪ್ಪಂದವಾಯಿತು. ಕೊಂಡವರ ಗುಂಪಿನಲ್ಲಿ ಯಾದವ್ ಎಂಟರ್‌ಪ್ರೈಸಸ್ ಕೂಡ ಇದೆ. ಅದು ಡೆನ್ನೀಸ್‌ನ ಅತಿ ದೊಡ್ಡ ಫ್ರಾಂಚೈಸಿಗಳಲ್ಲಿ ಒಂದು. ಒಳಗಿನ ಲೆಕ್ಕ ಗೊತ್ತಿರುವವರೇ ದುಡ್ಡು ಹಾಕಿದ್ದಾರೆ ಅನ್ನುವುದನ್ನು ಗಮನಿಸಿ. ಈ ವ್ಯಾಪಾರ ಸತ್ತೇ ಹೋಗಿದೆ ಅನ್ನುವವರ ಜೊತೆ ನಾನು ಪೂರ್ತಿ ಹೋಗದಿರಲು ಇದೂ ಒಂದು ಕಾರಣ.

ಸಾಯದೆ ಉಳಿದವರು ಹೇಗೆ ಉಳಿದರು? ಅವರೆಲ್ಲ ಏನನ್ನೋ ಬಿಟ್ಟುಕೊಟ್ಟವರು.

ಫಸ್ಟ್ ವಾಚ್ ಸಂಜೆಯನ್ನೇ ಬಿಟ್ಟಿತು. ಬೆಳಿಗ್ಗೆ ಏಳಕ್ಕೆ ತೆಗೆದು ಮಧ್ಯಾಹ್ನ ಎರಡೂವರೆಗೆ ಬಾಗಿಲು ಹಾಕುತ್ತಾರೆ. ಒಂದೇ ಶಿಫ್ಟ್. ಕರಿಯುವ ಫ್ರೈಯರ್ ಇಲ್ಲ. ಮ್ಯಾನೇಜರ್ ಸಂಜೆ ಮನೆಯಲ್ಲಿರುತ್ತಾನೆ, ಹಾಗಾಗಿ ಕೆಲಸ ಬಿಡುವುದಿಲ್ಲ. ದೇಶದ ದಕ್ಷಿಣದಲ್ಲಿ ಜಾಸ್ತಿ ಇರುವ ವ್ಯಾಫಲ್ ಹೌಸ್ 24 ಗಂಟೆಯನ್ನು ಹಿಡಿದುಕೊಂಡು ಮಿಕ್ಕಿದ್ದನ್ನು ಬಿಟ್ಟಿತು. ಕಟ್ಟಡ ಪುಟ್ಟದು, ಮೆನು ಪುಟ್ಟದು, ಗ್ರಿಲ್ ಗಿರಾಕಿಯ ಕಣ್ಣೆದುರೇ ಇರುತ್ತದೆ. ಅಲ್ಲಿನ ಅಡುಗೆಯವರ ಕೆಲಸ ಒಮ್ಮೆ ಹತ್ತಿರದಿಂದ ನೋಡಬೇಕು. ಸರ್ವರ್ ಆರ್ಡರನ್ನು ಕೂಗಿ ಹೇಳುತ್ತಾಳೆ. ಅವನು ಚೀಟಿ ಬರೆದುಕೊಳ್ಳುವುದಿಲ್ಲ. ಖಾಲಿ ತಟ್ಟೆ ಎಳೆದುಕೊಂಡು ಅದರ ಅಂಚಿನಲ್ಲಿ ಒಂದು ಜೆಲ್ಲಿ ಪೊಟ್ಟಣವನ್ನೋ ಬೆಣ್ಣೆ ಪೊಟ್ಟಣವನ್ನೋ ಇಡುತ್ತಾನೆ. ಪೊಟ್ಟಣ ಯಾವುದು, ಎಲ್ಲಿದೆ, ಮಗುಚಿದೆಯೋ ನೆಟ್ಟಗಿದೆಯೋ ಎಂಬುದರಲ್ಲೇ ಮೊಟ್ಟೆ ಹೇಗೆ ಬೇಕು ಅನ್ನುವುದೆಲ್ಲ ಅಡಗಿದೆ. ಪಕ್ಕದಲ್ಲಿ ಸಾಲಾಗಿ ಆರು ತಟ್ಟೆ ಇದ್ದರೂ ಗಲಿಬಿಲಿ ಇಲ್ಲ. ಹತ್ತು ಪುಟದ ಮೆನು ಇದ್ದಿದ್ದರೆ ಈ ಆಟ ನಡೆಯುತ್ತಲೇ ಇರಲಿಲ್ಲ.

ಅವರಿಗೂ ಕಷ್ಟ ಇಲ್ಲ ಅಂತಲ್ಲ. 2025ರ ಫೆಬ್ರವರಿಯಲ್ಲಿ ಹಕ್ಕಿಜ್ವರದಿಂದ ಮೊಟ್ಟೆ ಬೆಲೆ ಗಗನಕ್ಕೇರಿದಾಗ ವ್ಯಾಫಲ್ ಹೌಸ್ ಒಂದು ಮೊಟ್ಟೆಗೆ 50 ಸೆಂಟ್ ಜಾಸ್ತಿ ಹಾಕಿತು. ಮೆನುವಿನ ದರ ಮುಟ್ಟದೆ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿದರು. ಗೊಣಗಿದರೂ ಜನಕ್ಕೆ ಅರ್ಥವಾಯಿತು.

ಚಿಲೀಸ್ ಫ್ಯಾಮಿಲಿ ರೆಸ್ಟೋರೆಂಟ್ ಅಲ್ಲ, ಬಾರ್ ಇರುವ ಜಾತಿ. ಆದರೂ ಹೇಳಲೇಬೇಕು, ಯಾಕೆಂದರೆ ಕೆಲವು ವರ್ಷದ ಹಿಂದೆ ಅದನ್ನೂ ಮುದುಕರ ಪಟ್ಟಿಯಲ್ಲೇ ಹಾಕಿದ್ದರು. 2022ರಲ್ಲಿ ಬಂದ ಹೊಸ ಮುಖ್ಯಸ್ಥ ಕೆವಿನ್ ಹಾಕ್‌ಮನ್ ಮೆನುವನ್ನು ಸುಮಾರು ಕಾಲು ಭಾಗ ಕತ್ತರಿಸಿದರು, ಕಿಚನ್ ಕೆಲಸ ಹಗುರ ಮಾಡಿದರು. ಬರ್ಗರ್ ಅಂಗಡಿಗಳ ಬೆಲೆ ಏರುತ್ತಿದ್ದ ಹೊತ್ತಿನಲ್ಲಿ, 10.99 ಡಾಲರಿಗೆ ಕೂತು ತಿನ್ನುವ ಊಟವನ್ನು ಅವರ ಪಕ್ಕಕ್ಕೇ ತಂದಿಟ್ಟು 'ನೋಡಿ, ಹೋಲಿಸಿ' ಅಂದರು. 2024ರ ಡಿಸೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ಹಳೇ ಹೋಟೆಲ್‌ಗಳಲ್ಲೇ ಮಾರಾಟ ಹಿಂದಿನ ವರ್ಷಕ್ಕಿಂತ ಶೇ. 31ರಷ್ಟು ಏರಿತು. ಈ ವ್ಯಾಪಾರದಲ್ಲಿ ಇಂಥ ಅಂಕಿ ಕಾಣುವುದೇ ಅಪರೂಪ.

ಅದೇ ಕಡಿಮೆ ಬೆಲೆಯ ಆಟವನ್ನು ಡೆನ್ನೀಸ್ ಮೊದಲೇ ಆಡಿರಲಿಲ್ಲವೇ ಅಂತ ನೀವು ಕೇಳಬಹುದು. ಆಡಿತ್ತು. 2009ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಪಂದ್ಯದ ನಡುವೆ ಜಾಹೀರಾತು ಹಾಕಿ, ಗ್ರ್ಯಾಂಡ್ ಸ್ಲ್ಯಾಮ್ ಎಂಬ ತನ್ನ ಹೆಸರಾಂತ ತಿಂಡಿತಟ್ಟೆಯನ್ನು ದೇಶಕ್ಕೆಲ್ಲ ಪುಕ್ಕಟೆ ಹಂಚಿತು. ಸುಮಾರು 20 ಲಕ್ಷ ತಟ್ಟೆ ಖರ್ಚಾಯಿತು. ಮರುವರ್ಷ 2, 4, 6, 8 ಡಾಲರ್ ಮೆನು ತಂದಿತು. ಜನ ಬಂದರು. ಆದರೆ ಬೆಲೆ ಇಳಿದಾಗ ಕಂಪನಿಗೆ ಆಗುವುದು ಒಂದು, ಹೋಟೆಲ್ ನಡೆಸುವ ಫ್ರಾಂಚೈಸಿಗೆ ಆಗುವುದು ಇನ್ನೊಂದು. ಕಂಪನಿ ರಾಯಲ್ಟಿ ತಗೊಳ್ಳುವುದು ಮಾರಾಟದ ಮೇಲೆ. ಲಾಭವಾಗಲಿ ನಷ್ಟವಾಗಲಿ, ಮಾರಾಟ ಏರಿದರೆ ಅದರ ಪಾಲು ಏರುತ್ತದೆ. ಎರಡು ಡಾಲರಿನ ತಟ್ಟೆಗೆ ಮೊಟ್ಟೆ ಒಡೆಯುವವನು, ತಟ್ಟೆ ತೊಳೆಯುವವನು, ಎಲ್ಲರಿಗೂ ಸಂಬಳ ಕೊಡುವವನು ಫ್ರಾಂಚೈಸಿ. ನಿಮ್ಮ ತಮ್ಮ ಕೂರಲಿರುವ ಕುರ್ಚಿ ಅದು.

ಇನ್ನೊಂದು ರೋಗ ಇದೆ, ಅದು ಗಿರಾಕಿಗೆ ಕಾಣುವುದಿಲ್ಲ: ಜಾಗದ್ದು. ರೆಡ್ ಲಾಬ್‌ಸ್ಟರ್ ಎಂಬ ಮೀನೂಟದ ಚೈನ್ 2024ರ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿದಾಗ, 20 ಡಾಲರಿಗೆ ಬೇಕಾದಷ್ಟು ಸೀಗಡಿ ಬಡಿಸಿ ಮುಳುಗಿತು ಅಂತ ಊರೆಲ್ಲ ನಕ್ಕಿತು. ಸೀಗಡಿಯಿಂದ ನಷ್ಟವಾದದ್ದು ನಿಜ, ಸುಮಾರು 1.1 ಕೋಟಿ ಡಾಲರ್. ಈಗ ಇನ್ನೊಂದು ಅಂಕಿ ನೋಡಿ. 2014ರಲ್ಲಿ ಒಂದು ಹೂಡಿಕೆ ಕಂಪನಿ ಇದನ್ನು 210 ಕೋಟಿ ಡಾಲರಿಗೆ ಕೊಂಡಿತು. ಕೊಂಡ ಕೂಡಲೇ ಹೋಟೆಲ್‌ಗಳ ಕೆಳಗಿನ ನೆಲವನ್ನು 150 ಕೋಟಿಗೆ ಮಾರಿತು. ಅಲ್ಲಿಯವರೆಗೆ ಸ್ವಂತ ಜಾಗದಲ್ಲಿದ್ದ ಹೋಟೆಲ್‌ಗಳು ತಮ್ಮದೇ ಮನೆಗೆ ಬಾಡಿಗೆದಾರರಾದವು. 2023ರಲ್ಲಿ ಬಾಡಿಗೆಯ ಬಾಬ್ತೇ ಸುಮಾರು 19 ಕೋಟಿ ಡಾಲರ್. ಅದರಲ್ಲಿ 6 ಕೋಟಿಗೂ ಹೆಚ್ಚು, ವ್ಯಾಪಾರವೇ ಆಗದ ಹೋಟೆಲ್‌ಗಳದ್ದು. ಸೀಗಡಿಯನ್ನು ಬೈದವರು ಬಾಡಿಗೆಯನ್ನು ಯಾಕೆ ಬಿಟ್ಟರೋ.

ಸ್ವಂತ ಜಾಗ ಇದ್ದರೆ ಹಳೇ ಹೋಟೆಲ್ ಎರಡು ಕೆಟ್ಟ ವರ್ಷವನ್ನು ಹಲ್ಲು ಕಚ್ಚಿ ತಳ್ಳಬಹುದು. ಬಾಡಿಗೆ ಹಾಗಲ್ಲ, ಗಿರಾಕಿ ಬಂದರೂ ಬಾರದಿದ್ದರೂ ಒಂದನೇ ತಾರೀಕಿಗೆ ಬಂದು ನಿಲ್ಲುತ್ತದೆ. ಹೋವರ್ಡ್ ಜಾನ್ಸನ್ಸ್ ಕಥೆಯೂ ಕೊನೆಗೆ ಇಲ್ಲೇ ಬಂತು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಕಾರಿನ ಓಡಾಟ ತಗ್ಗಿತು. ಸ್ಥಾಪಕರ ಮಗ ಖರ್ಚು ಉಳಿಸಲು ಅಗ್ಗದ ಸಾಮಾನು ತರಿಸಿದರು, ಆಳು ಕಡಿಮೆ ಮಾಡಿದರು. ರುಚಿ ಹೋಯಿತು, ಗಿರಾಕಿಯೂ ಹೋದ. 1979ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಗ್ರೂಪ್ ಸುಮಾರು 63 ಕೋಟಿ ಡಾಲರಿಗೆ ಕೊಂಡು, ಆರು ವರ್ಷದಲ್ಲಿ ಹೆಚ್ಚೂಕಮ್ಮಿ ಅರ್ಧ ಬೆಲೆಗೆ ಮ್ಯಾರಿಯಟ್‌ಗೆ ಮಾರಿತು. ಹೋಟೆಲಿಗಿಂತ ಅದು ನಿಂತ ಹೆದ್ದಾರಿ ಪಕ್ಕದ ಜಾಗಕ್ಕೇ ಬೆಲೆ ಜಾಸ್ತಿಯಾಗಿತ್ತು. ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ ಉಳಿದಿದ್ದ ಕೊನೆಯದು 2022ರಲ್ಲಿ ಮುಚ್ಚಿತು.

ಹಾಗಾದರೆ ಹಳೇ ಚೈನ್ ಹೊಸ ಬಣ್ಣ ಬಳಿದುಕೊಂಡರೆ ಸಾಕಾ? ಕ್ರ್ಯಾಕರ್ ಬ್ಯಾರಲ್ ಪಾಡು ನೀವು ಸುದ್ದಿಯಲ್ಲಿ ಓದಿರುತ್ತೀರಿ. 2025ರ ಆಗಸ್ಟ್‌ನಲ್ಲಿ ಲೋಗೊದಿಂದ ಪೀಪಾಯಿಗೆ ಒರಗಿ ಕೂತ ಮುದುಕನನ್ನು ತೆಗೆದರು. ಗಲಾಟೆ ದೇಶದ ಅಧ್ಯಕ್ಷರವರೆಗೂ ಹೋಗಿ, ಸುಮಾರು ಒಂದು ವಾರದಲ್ಲಿ ಮುದುಕ ವಾಪಸ್ ಬಂದ. ಹೊಸ ಗಿರಾಕಿ ಲೋಗೊ ನೋಡಿ ಬರುವುದಿಲ್ಲ, ಹಳೇ ಗಿರಾಕಿ ಮಾತ್ರ ಲೋಗೊ ನೋಡಿ ಸಿಟ್ಟಾಗುತ್ತಾನೆ.

ಜಪಾನಿನ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿನ ಫ್ಯಾಮಿಲಿ ರೆಸ್ಟೋರೆಂಟುಗಳು ಅಮೆರಿಕದ್ದನ್ನು ನೋಡಿಯೇ ಕಲಿತವು. 1970ರಲ್ಲಿ ಟೋಕಿಯೊ ಪಶ್ಚಿಮದಲ್ಲಿ ಶುರುವಾದ ಸ್ಕೈಲಾರ್ಕ್ ಅದರಲ್ಲಿ ಮುಂದಾಳು. ತನ್ನ ಅಗ್ಗದ ಚೈನ್ ಗಸ್ಟೊ ಚೆನ್ನಾಗಿ ಓಡುವುದು ಕಂಡ ಮೇಲೆ, ಕಂಪನಿ 2009ರ ಹೊತ್ತಿಗೆ ತನ್ನದೇ ಹೆಸರಿನ ಸ್ಕೈಲಾರ್ಕ್ ಹೋಟೆಲ್‌ಗಳನ್ನು ಪೂರ್ತಿ ಮುಚ್ಚಿತು. ಇತ್ತೀಚೆಗೆ ತಟ್ಟೆ ತರಲು ಬೆಕ್ಕಿನ ಮುಖದ ರೋಬೋಗಳನ್ನು ಸಾವಿರಗಟ್ಟಲೆ ಇಳಿಸಿತು. 24 ಗಂಟೆ ಸೇವೆಯನ್ನೂ 2020ರಲ್ಲಿ ಕೈಬಿಟ್ಟಿತು. ಹೆಸರಿನ ಮೋಹ ಬಿಟ್ಟಿದ್ದರಿಂದ ಕಂಪನಿ ಉಳಿಯಿತು. ಅಮೆರಿಕದಲ್ಲಿ ಆ ಮೋಹ ಬಿಡುವುದು ಕಷ್ಟ, ಯಾಕೆಂದರೆ ಬೋರ್ಡಿನ ಮೇಲಿನ ಹೆಸರು ಕಂಪನಿಯದ್ದಾದರೂ ಅದರ ಕೆಳಗಿನ ಹೋಟೆಲ್‌ಗಳು ನೂರಾರು ಫ್ರಾಂಚೈಸಿಗಳದ್ದು. ಒಬ್ಬೊಬ್ಬರನ್ನೂ ಒಪ್ಪಿಸಬೇಕು.

ಈಗ ನಿಮ್ಮ ತಮ್ಮನ ವಿಷಯ.

ಅಮೆರಿಕದ ಕಾನೂನಿನ ಪ್ರಕಾರ, ಸಹಿ ಅಥವಾ ದುಡ್ಡು ತಗೊಳ್ಳುವ ಕನಿಷ್ಠ 14 ದಿನ ಮೊದಲು ಕಂಪನಿ ಎಫ್‌ಡಿಡಿ ಎಂಬ, ಫ್ರಾಂಚೈಸಿನ ವಿವರಗಳನ್ನೆಲ್ಲ ಬಿಚ್ಚಿಡುವ ದಾಖಲೆ ಕೊಡಬೇಕು. ದಪ್ಪ ಪುಸ್ತಕ, 23 ಭಾಗ ಇರುತ್ತದೆ. ನಡೆಯುತ್ತಿರುವ ಹೋಟೆಲನ್ನು ಹಳೇ ಮಾಲೀಕನಿಂದಲೇ ಕೊಳ್ಳುವಾಗ ಅದು ತಾನಾಗಿ ಕೈಗೆ ಬರದೆ ಇರಬಹುದು, ಕೇಳಿ ತರಿಸಿಕೊಳ್ಳಲಿ. ಮೊದಲು 20ನೇ ಭಾಗ ತೆಗೆಯಲಿ. ಕಳೆದ ಮೂರು ವರ್ಷದಲ್ಲಿ ಎಷ್ಟು ಹೋಟೆಲ್ ತೆರೆದವು, ಎಷ್ಟು ಮುಚ್ಚಿದವು, ಎಷ್ಟು ಕೈ ಬದಲಾದವು ಅನ್ನುವುದು ರಾಜ್ಯವಾರು ಅಲ್ಲಿರುತ್ತದೆ. ಇತ್ತೀಚೆಗೆ ಬಿಟ್ಟುಹೋದ ಫ್ರಾಂಚೈಸಿಗಳ ಹೆಸರು, ಸಂಪರ್ಕವೂ ಇರುತ್ತದೆ. ಅವರಲ್ಲಿ ನಾಲ್ಕೈದು ಜನಕ್ಕೆ ಫೋನ್ ಮಾಡಲಿ. ಈಗ ನಡೆಸುತ್ತಿರುವವರು ಸತ್ಯ ಹೇಳಲು ಹಿಂಜರಿಯುತ್ತಾರೆ, ಬಿಟ್ಟವರಿಗೆ ಆ ಅಂಜಿಕೆ ಕಡಿಮೆ. 19ನೇ ಭಾಗದಲ್ಲಿ ಆದಾಯದ ಅಂಕಿ ಕೊಟ್ಟಿರಬಹುದು, ಕೊಡಲೇಬೇಕು ಅಂತಿಲ್ಲ. ಕೊಟ್ಟಿದ್ದರೆ ಸರಾಸರಿ ನೋಡಿ ಮರುಳಾಗಬಾರದು. ಕೆಳಗಿನ ಕಾಲು ಭಾಗದವರ ಗತಿ ಏನು ಅಂತ ನೋಡಲಿ, ಯಾಕೆಂದರೆ ಅಗ್ಗಕ್ಕೆ ಮಾರಾಟವಾಗುವುದು ಆ ಕಾಲು ಭಾಗದ ಹೋಟೆಲ್‌ಗಳೇ.

ಆಮೇಲೆ ಬೆಲೆ ಯಾಕೆ ಕಡಿಮೆ ಅನ್ನುವುದನ್ನು ಪತ್ತೆ ಮಾಡಲಿ. ನಾನು ಮೊದಲು ಅನುಮಾನ ಪಡುವುದು ನವೀಕರಣದ ಷರತ್ತನ್ನು. ಇಂತಿಷ್ಟು ವರ್ಷಕ್ಕೊಮ್ಮೆ ಒಳಾಂಗಣ, ಬೂತು, ಬೋರ್ಡು ಎಲ್ಲ ಹೊಸದು ಮಾಡಬೇಕೆಂದು ಒಪ್ಪಂದದಲ್ಲಿ ಇರುತ್ತದೆ. ಆ ಗಡುವು ಬರುವ ಹೊತ್ತಿಗೆ ಹಳೇ ಮಾಲೀಕ ಜಾರಿಕೊಂಡರೆ, ಲಕ್ಷಾಂತರ ಡಾಲರ್ ಖರ್ಚು ಹೊಸಬನ ತಲೆಗೆ. ಎರಡನೇ ಅನುಮಾನ ಲೀಸ್. ಎಷ್ಟು ವರ್ಷ ಉಳಿದಿದೆ, ಬಾಡಿಗೆ ವರ್ಷಕ್ಕೆ ಎಷ್ಟು ಏರುತ್ತದೆ, ಹೋಟೆಲ್ ಮುಚ್ಚಿದರೂ ಬಾಡಿಗೆಗೆ ಅವನೇ ವೈಯಕ್ತಿಕವಾಗಿ ಜವಾಬ್ದಾರನಾ? ಕೊನೆಯ ಪ್ರಶ್ನೆಗೆ 'ಹೌದು' ಅಂತ ಉತ್ತರ ಬಂದರೆ ಅವನ ಮನೆಯೂ ಈ ವ್ಯಾಪಾರದೊಳಗೆ ಸೇರಿದೆ ಅಂತಲೇ ಲೆಕ್ಕ.

ಜೊತೆಗೆ ಗಂಟೆವಾರು ಮಾರಾಟದ ಪಟ್ಟಿ ಕೇಳಲಿ. ಬಿಲ್ಲಿಂಗ್ ಯಂತ್ರದಿಂದ ಕ್ಷಣದಲ್ಲಿ ತೆಗೆದು ಕೊಡಬಹುದು, ಕೊಡಲು ಮೀನಮೇಷ ಎಣಿಸಿದರೆ ಅದೂ ಒಂದು ಉತ್ತರವೇ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬರುವ ದುಡ್ಡು ಆ ಹೊತ್ತಿನ ಸಂಬಳಕ್ಕೆ ಸಾಲದಿದ್ದರೆ, ಆ ಹೊತ್ತು ಮುಚ್ಚಲು ಒಪ್ಪಂದ ಬಿಡುತ್ತದೆಯೇ ಅಂತ ಕಂಪನಿಯಿಂದ ಬರಹದಲ್ಲಿ ತಗೊಳ್ಳಲಿ. ಬಾಯಿಮಾತು ಬೇಡ. ಮೆನುವಿನಲ್ಲಿ ಓಡದ ಐಟಂ ಕೈಬಿಡುವ ಸ್ವಾತಂತ್ರ್ಯ ಎಷ್ಟಿದೆ ಅನ್ನುವುದನ್ನೂ ಹಾಗೇ ಕೇಳಲಿ. ಸಾಮಾನ್ಯವಾಗಿ ಬಹಳ ಕಡಿಮೆ ಇರುತ್ತದೆ.

ಅವನು ಹೋಟೆಲಿನಲ್ಲಿ ತಾನೇ ನಿಂತು ಕೆಲಸ ಮಾಡುತ್ತಾನಾ, ಇಲ್ಲಾ ಮ್ಯಾನೇಜರ್ ಇಟ್ಟು ದೂರದಿಂದ ನೋಡಿಕೊಳ್ಳುತ್ತಾನಾ? ಎರಡನೆಯದಾದರೆ ಬೇಡವೇ ಬೇಡ ಅನ್ನುತ್ತೇನೆ. ನೂರಕ್ಕೆ ಮೂರು ಉಳಿಯುವ ವ್ಯಾಪಾರದಲ್ಲಿ ಮ್ಯಾನೇಜರ್ ಸಂಬಳವೇ ಆ ಮೂರನ್ನು ತಿಂದು ಹಾಕುತ್ತದೆ. ಮೊದಲನೆಯದಾಗಿದ್ದು, ಹೋಟೆಲಿನ ಜೊತೆ ನೆಲವೂ ಮಾರಾಟಕ್ಕಿದ್ದರೆ ಅದು ಬೇರೆಯೇ ವ್ಯವಹಾರ. ಹಾಗಿದ್ದರೆ ಲೀಸ್ ಕಾಗದ, ಎರಡು ವರ್ಷದ ಗಂಟೆವಾರು ಪಟ್ಟಿ ಮತ್ತು ನೆಲಕ್ಕೆ ಹೇಳಿದ ಬೆಲೆ, ಈ ಮೂರನ್ನು ಕಳಿಸಿ. ಕೂತು ಲೆಕ್ಕ ಹಾಕೋಣ.